ಮೈಲುತುತ್ತದಲ್ಲಿ ತೇಲಿದ ಹನಿ

ನಮ್ಮ ಸೇವಾ ಕ್ಲಬ್ಬಿನ ಸಭೆ ತಿಂಗಳಿಗೆ ಎರಡು ಸಲ, ಸಂಜೆ 7ಕ್ಕೆ. ಅಧ್ಯಕ್ಷರು ಗಂಟೆ ಬಾರಿಸುವ ಮೊದಲೇ ಬಾಗಿಲ ಬಳಿ ಇನ್ನೊಂದು ಸಭೆ ನಡೆದಿರುತ್ತದೆ. ‘ನಿಮ್ಮ ಕಡೆ ಎಷ್ಟು ಬಂತು?’ ‘ಎರಡು ಇಂಚು ನಲವತ್ತು ಸೆಂಟು.’ ಕೊಡಗಿನ ತೋಟದವರು ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲೇ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಲೆಕ್ಕ ಹಾಕುತ್ತಾರೆ. ಆಮೇಲೆ ಪ್ರಾರ್ಥನೆ, ಹಿಂದಿನ ಸಭೆಯ ವರದಿ, ಹುಟ್ಟುಹಬ್ಬದವರಿಗೆ ಚಪ್ಪಾಳೆ, ತಡವಾಗಿ ಬಂದವರಿಗೆ ದಂಡ. ಸಿದ್ದಾಪುರ ರಸ್ತೆಯಲ್ಲಿ ಆನೆ ಅಡ್ಡ ನಿಂತಿತ್ತು ಎಂದರೆ ದಂಡ ಮಾಫಿ. ಆನೆಯ ಹೆಸರು ಹೇಳಿ ಎಷ್ಟು ಮಂದಿ ಹಣ ಉಳಿಸಿದ್ದಾರೆ ಎಂಬುದು ಕಾರ್ಯದರ್ಶಿಯಾಗಿದ್ದ ನನಗೆ ಚೆನ್ನಾಗಿ ಗೊತ್ತು.

ರೋಟರಿ, ಲಯನ್ಸ್‌ನಂಥ ಸಂಸ್ಥೆಗಳ ವರ್ಷ ಜುಲೈ 1ಕ್ಕೆ ಶುರುವಾಗುತ್ತದೆ, ನಮ್ಮದೂ ಹಾಗೆಯೇ. ಈ ಲೆಕ್ಕ ಹಾಕಿದವರು ಕೊಡಗಿನ ಜುಲೈ ಕಂಡವರಲ್ಲ. ಒದ್ದೆ ಕಾಲುಚೀಲದಲ್ಲಿ ಕುಳಿತು ಹೊಸ ಅಧ್ಯಕ್ಷರ ಯೋಜನೆಗಳನ್ನು ಕೇಳುತ್ತೇವೆ. ಮಳೆ ಬಿಡಲಿ ಎಂದು ಕಾಯುತ್ತೇವೆ. ಬಿಟ್ಟರೆ ಹಬ್ಬ, ಹಬ್ಬ ಕಳೆದರೆ ಕಾಫಿ ಕೊಯ್ಲು. ಹೀಗೆ ಮುಂದೂಡುತ್ತ ಬಂದು ಆ ವರ್ಷದ ರಕ್ತದಾನ ಶಿಬಿರ ಜನವರಿಯ ಕೊನೆಯ ಭಾನುವಾರಕ್ಕೆ ನಿಂತಿತು. ದಿನ ಗೊತ್ತುಮಾಡಿದವನು ನಾನೇ.

ರೊಬಸ್ಟಾ ಹಣ್ಣಾಗಿ ತೋಟದಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ಕಾಲ. ಭಾನುವಾರ ಕೆಲಸಕ್ಕೆ ರಜೆ, ಲೈನ್ ಮನೆಗಳಲ್ಲಿರುವ ತೋಟದ ಕಾರ್ಮಿಕರೆಲ್ಲ ಬರುತ್ತಾರೆ ಎಂಬುದು ನನ್ನ ಎಣಿಕೆ. ಅವರಿಗೆ ಆ ದಿನ ಸಂತೆ, ಬಟ್ಟೆ ಒಗೆತ, ವಾರದ ಉಳಿದೆಲ್ಲ ಕೆಲಸ. ಒಬ್ಬರನ್ನೂ ಕೇಳಿರಲಿಲ್ಲ. ಎರಡು ಜೀಪು ಕಳುಹಿಸಿದೆವು. 50 ಯೂನಿಟ್ ಎಂದು ರಕ್ತನಿಧಿಯವರಿಗೆ ಹೇಳಿದ್ದೆ, ಸಿಕ್ಕಿದ್ದು 17.

ಬಂದವರು ಕಡಿಮೆಯಾದದ್ದಕ್ಕಿಂತ ವಾಪಸ್ ಹೋದವರು ಹೆಚ್ಚಾದದ್ದು ನನ್ನನ್ನು ಕಾಡಿತು. ರಕ್ತ ಕೊಡಲು ಕನಿಷ್ಠ 45 ಕಿಲೋ ತೂಗಬೇಕು. ತಕ್ಕಡಿಯ ಮೇಲೆ ಅಷ್ಟು ತೂಗದ ಹೆಂಗಸರು ಅದಕ್ಕಿಂತ ಭಾರದ ಕಾಫಿ ಚೀಲ ಹೊತ್ತು ಕಣಕ್ಕೆ ಬರುವುದನ್ನು ನಾನು ದಿನವೂ ನೋಡುತ್ತಿದ್ದವನು. ತೂಕದಲ್ಲಿ ಪಾಸಾದವರಿಗೆ ಇನ್ನೊಂದು ಪರೀಕ್ಷೆ. ಬೆರಳ ತುದಿಗೆ ಚುಚ್ಚಿ ಒಂದು ಹನಿಯನ್ನು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಹನಿ ಮುಳುಗಿದರೆ ನೂರು ಮಿಲಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ ಇದೆ ಎಂದರ್ಥ, ತೇಲಿದರೆ ಇಲ್ಲ. ಆ ನೀಲಿ ಬೇರೇನೂ ಅಲ್ಲ, ಮೈಲುತುತ್ತ, ಅಂದರೆ ಕಾಪರ್ ಸಲ್ಫೇಟ್. ಮಳೆಗಾಲಕ್ಕೆ ಮುಂಚೆ ಸುಣ್ಣದ ಜೊತೆ ಕಲಸಿ ಕರಿಮೆಣಸಿನ ಬಳ್ಳಿಗೆ ಹೊಡೆಯುತ್ತೇವಲ್ಲ, ಅದೇ. ಗಾಜಿನ ಲೋಟದಲ್ಲಿ ಒಂದರ ಹಿಂದೆ ಒಂದು ಹನಿ ಮೇಲಕ್ಕೆ ಬಂದು ನಿಲ್ಲುತ್ತಿತ್ತು.

‘ನನ್ನ ರಕ್ತ ಯಾಕೆ ಮುಳುಗುವುದಿಲ್ಲ ಅಣ್ಣ?’ ಎಂದು ಒಬ್ಬಾಕೆ ಕೇಳಿದಳು. ಜೊತೆಗಾತಿಯರು ನಕ್ಕರು. ‘ಕೊಡಿ ಎಂದು ಕರೆದವರು ನೀವು, ಬೇಡ ಎನ್ನುವವರೂ ನೀವು.’ ನಾನು ಬಿಸ್ಕತ್ ಪೊಟ್ಟಣ ಕೊಟ್ಟು ಕಳುಹಿಸಿದೆ. ಈಗಲೂ ನೆನೆದರೆ ಮುಜುಗರವಾಗುತ್ತದೆ.

ಮುಂದಿನ ಸಭೆಯಲ್ಲಿ ವರದಿ ಓದಿದೆ. ನಮ್ಮ ವರದಿಯ ನಮೂನೆಯಲ್ಲಿ ಯೂನಿಟ್‌ಗೆ ಒಂದು ಕಾಲಂ, ಫಲಾನುಭವಿಗಳಿಗೆ ಒಂದು, ಫೋಟೋಗೆ ಒಂದು. ತೇಲಿದ ಹನಿಗಳಿಗೆ ಕಾಲಂ ಇಲ್ಲ. ನಿವೃತ್ತ ವೈದ್ಯರೊಬ್ಬರು ಹಿಂದಿನ ಸಾಲಿನಿಂದ, ‘ತೇಲಿದ್ದು ಎಷ್ಟು?’ ಎಂದರು. ನಾನು ಎಣಿಸಿರಲಿಲ್ಲ. ‘ಹಾಗಾದರೆ ನಿಮ್ಮ ಕೆಲಸ ಅಲ್ಲಿಂದ ಶುರು’ ಎಂದು ಕನ್ನಡಕ ಒರೆಸಿಕೊಂಡರು. ತೋಟದ ಮಾಲೀಕರಾದ ಸದಸ್ಯರೊಬ್ಬರಿಗೆ ಈ ಮಾತು ತಮಗೇ ಚುಚ್ಚಿದಂತಾಯಿತು. ‘ನಮ್ಮ ಲೈನಿನವರಿಗೆ ನಾವೇನು ಕಡಿಮೆ ಮಾಡಿದ್ದೇವೆ?’ ಎಂದು ಎದ್ದರು. ಅರ್ಧ ಗಂಟೆ ವಾದ ನಡೆದು ಊಟ ತಣ್ಣಗಾಯಿತು. ಕೊನೆಗೆ ಲೈನಿನವರ ರಕ್ತಹೀನತೆಗೆ ಏನಾದರೂ ಮಾಡೋಣ ಎಂದಾಗ ಮೊದಲು ಒಪ್ಪಿಗೆ ಕೊಟ್ಟವರು ಅವರೇ.

ಈ ಬಾರಿ ಸಂಜೆ, ಹಣ್ಣಿನ ತೂಕ ಮುಗಿಯುವ ಹೊತ್ತಿಗೆ, ಕಣದ ಬಳಿಗೇ ಹೋದೆವು. ಆಶಾ ಕಾರ್ಯಕರ್ತೆ ಬಂದರು. ಕಬ್ಬಿಣಾಂಶದ ಮಾತ್ರೆ, ಜಂತುಹುಳದ ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುತ್ತವೆ. ಕ್ಲಬ್ಬಿಗೆ ಖರ್ಚಾದದ್ದು ಜೀಪಿನ ಡೀಸೆಲ್ ಮಾತ್ರ. ಎರಡು ವಾರ ಬಿಟ್ಟು ಹೋಗಿ ನೋಡಿದರೆ ಮಾತ್ರೆಯ ಹಾಳೆಗಳು ಹಾಗೆಯೇ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದ್ದವು. ಹೊಟ್ಟೆ ಉರಿಯುತ್ತದೆ, ಮಲ ಕಪ್ಪಗಾಗುತ್ತದೆ ಎಂಬ ಹೆದರಿಕೆ. ಕಪ್ಪಗಾಗುವುದು ಸಹಜ ಎಂದು ಮೊದಲೇ ಹೇಳಬೇಕಿತ್ತು. ನುಂಗುತ್ತಿದ್ದ ಕೆಲವರೂ ಬೆಳಗಿನ ಬೆಲ್ಲದ ಕರಿಕಾಫಿಯ ಜೊತೆ ನುಂಗುತ್ತಿದ್ದರು. ಕಾಫಿ, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಗೊಡುವುದಿಲ್ಲ. ಕಾಫಿ ಬೆಳೆಗಾರರೇ ತುಂಬಿದ ಸಭೆಯಲ್ಲಿ ಇದನ್ನು ಹೇಳಿದಾಗ ಎದ್ದ ನಗು ಇಳಿಯಲು ಹೊತ್ತು ಹಿಡಿಯಿತು. ರಾತ್ರಿ ಊಟವಾದ ಮೇಲೆ, ನಿಂಬೆಹಣ್ಣಿನ ನೀರಿನ ಜೊತೆ ಎಂದು ಬದಲಾಯಿಸಿದೆವು.

ಎಲ್ಲವೂ ಕೈಗೂಡಲಿಲ್ಲ. ಕೊಯ್ಲಿಗೆಂದು ಅಸ್ಸಾಮಿನಿಂದ ಬಂದಿದ್ದವರು ಮಾರ್ಚ್‌ನಲ್ಲಿ ಗಂಟು ಕಟ್ಟಿ ಹೊರಟರು. ಅವರ ಹಿಮೋಗ್ಲೋಬಿನ್ ಎಷ್ಟಿತ್ತೆಂದು ಚೀಟಿಯಲ್ಲಿ ಬರೆದು ಕೊಟ್ಟೆವು, ಅಷ್ಟೇ.

ಮರುವರ್ಷದ ಶಿಬಿರವನ್ನು ಕೊಡವರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್ ಮುಗಿದ ಮೇಲೆ, ಸೆಪ್ಟೆಂಬರ್ ಕೊನೆಯ ಒಂದು ಶನಿವಾರಕ್ಕೆ ಇಟ್ಟೆವು. ಲೈನಿನವರೇ ಹೇಳಿದ ದಿನ ಅದು. ಆ ಹೆಂಗಸೂ ಬಂದಿದ್ದಳು. ಅವಳ ಹನಿ ಲೋಟದ ಅರ್ಧದವರೆಗೆ ಇಳಿಯಿತು, ಒಂದು ಕ್ಷಣ ನಿಂತಿತು, ಮತ್ತೆ ನಿಧಾನವಾಗಿ ಮೇಲಕ್ಕೆ ಬಂತು.

‘ಕಳೆದ ಸಲ ಇಷ್ಟೂ ಇಳಿದಿರಲಿಲ್ಲ’ ಎಂದಳು. ದಾನಿಗಳಿಗೆಂದು ಇಟ್ಟಿದ್ದ ಫ್ಲಾಸ್ಕ್ ಕಡೆ ನೋಡಿ, ‘ಮಾತ್ರೆ ರಾತ್ರಿಗಲ್ಲವೇ? ಈಗ ಕಾಫಿ ಕುಡಿಯಬಹುದಲ್ಲ ಅಣ್ಣ?’ ಎಂದು ಕೇಳಿದಳು. ಲೋಟ ತುಂಬ ಬಗ್ಗಿಸಿ ಕೊಟ್ಟೆ.