ರೂಮಿನ್ಯಾಗ ಕಾಳಿನ ಗಂಟು ಕಟ್ಟೋದು

ಧಾರವಾಡದ ಸಪ್ತಾಪುರದಾಗ ರೂಮ್ ಮಾಡ್ಕೊಂಡು ಓದೋ ಹುಡುಗುರ ಕಸದ ಬುಟ್ಟಿ ನೋಡಿದ್ರ ಸಾಕು, ಅವರ ಊಟ ತಿಳೀತೈತಿ. ಅರ್ಧ ಉಂಡ ಅನ್ನದ ಪಾರ್ಸಲ್, ಸಾರಿನ ಪ್ಲಾಸ್ಟಿಕ್ ಚೀಲ, ಬಾಡಿದ ಮೆಂತ್ಯದ ಸಿವುಡು. ಕಪಾಟಿನ್ಯಾಗ ಮಾತ್ರ ಪರಿಸರಕ್ಕ ಒಳ್ಳೇದು ಅಂತ ಬರದ ಕಿನೋವಾ ಪಾಕೀಟು, ಅದೂ ಅರ್ಧ ಉಳದದ್ದು. ಎಲ್ಲಿಂದಲೋ ಬಂದ ಕಾಳಿಗೆ ರೊಕ್ಕ ಸುರೀತೀರಿ, ಪಕ್ಕದ ಊರಿನ ಜೋಳ ಬ್ಯಾಡ ಅಂತೀರಿ. ಏನು ಶಾಣ್ಯಾತನ ಇದು?

ನವಲಗುಂದ, ರೋಣದ ಎರಿ ಹೊಲದಾಗ ಸೆಪ್ಟೆಂಬರ್-ಅಕ್ಟೋಬರಿಗೆ ಬಿತ್ತಿದ ಹಿಂಗಾರಿ ಜೋಳ ನೆಲದಾಗಿನ ಹಸಿ ಮ್ಯಾಲನ ಬೆಳದು ಫೆಬ್ರವರಿ ಸುಮಾರಿಗೆ ಕೈಗೆ ಬರ್ತೈತಿ. ಭತ್ತಕ್ಕ ಹಂಗಲ್ಲ, ಗದ್ಯಾಗ ನೀರು ನಿಂದ್ರಸಬೇಕು. ನಿಂತ ನೀರಿನ ಕೆಸರಿನ್ಯಾಗಿಂದ ಮೀಥೇನ್ ಏಳ್ತೈತಿ, ಭೂಮಿ ಕಾಸೋ ಗಾಳಿ ಅದು. 2023ನ್ನ ವಿಶ್ವಸಂಸ್ಥೆಯವರು ಸಿರಿಧಾನ್ಯದ ವರ್ಷ ಅಂತ ಸಾರಿದ ಮ್ಯಾಲ ಕೆಲವರಿಗೆ ಜೋಳ ಕಣ್ಣಿಗೆ ಬಿತ್ತು. ರೂಮಿನ್ಯಾಗ ರೊಟ್ಟಿ ಬಡಿಯೋದು ಆಗೋದಿಲ್ಲ, ಒಪ್ಪಿದೆ. ಖಡಕ್ ರೊಟ್ಟಿ ತಗೊಂಡು ಸ್ಟೀಲ್ ಡಬ್ಬಿಗೆ ಹಾಕಿಡ್ರಿ, ವಾರಗಟ್ಟಲೆ ಕೆಡೂದಿಲ್ಲ. ಮೆತ್ತಗಾದ್ರ ಹಂಚಿನ ಮ್ಯಾಲ ಒಂದು ಸಲ ಬಿಸಿ ಮಾಡಿದ್ರ ಮತ್ತ ಖಡಕ್. ತಳದಾಗಿನ ಚೂರು ಚೆಲ್ಲಬ್ಯಾಡ್ರಿ, ಮಜ್ಜಿಗ್ಯಾಗ ನೆನಸಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಹೆಚ್ಚಿ ಹಾಕಿದ್ರ ಮುಂಜಾನಿ ಹೊಟ್ಟಿ ತುಂಬ್ತೈತಿ.

ಈಗ ಉಸಳಿಗೆ ಕಾಳು ಮೊಳಕಿ ಬರಸೋದು. ಇದರಾಗ ಎಲ್ಲಾರೂ ತಪ್ಪತಾರ, ಆಮ್ಯಾಲ "ವಾಸನಿ ಬಂತು" ಅಂತ ಮೂಗು ಮುರೀತಾರ. ಕಾಳಿನ ಬೆಳಿ ಬೇರಿನ ಗಂಟಿನ್ಯಾಗ ಗಾಳಿಯ ಸಾರಜನಕ ಹಿಡಿದಿಡ್ತೈತಿ, ಯೂರಿಯಾ ಸುರಿಯೋದು ಕಡಿಮಿ. ಅದಕ್ಕ ಮಡಕಿ ಕಾಳು ಇಲ್ಲಾ ಹೆಸರುಕಾಳು, ಒಬ್ಬರಿಗೆ ಒಂದು ಹಿಡಿ. ಜಾಸ್ತಿ ಬ್ಯಾಡ, ನೆನದು ಎರಡರಷ್ಟು ಉಬ್ಬತಾವ. ಮುಂಜಾನಿ ಕಾಲೇಜಿಗೆ ಹೋಗೋ ಮುಂದ ಹರಳು ಆರಿಸಿ, ತೊಳದು, ನೆನಸ್ರಿ. ತೇಲಿದ್ದನ್ನ ತಗದುಬಿಡ್ರಿ, ಹುಳ ತಿಂದದ್ದಿರ್ತೈತಿ. ಸಂಜಿಕ ಬಂದ ಕೂಡಲೇ ನೀರು ಬಸೀರಿ, ಎಂಟು ತಾಸು ಸಾಕು. ಮರುದಿವಸದ ತನಕ ನೀರಿನ್ಯಾಗ ಬಿಟ್ರ ಕಾಳಿಗೆ ಉಸಿರು ಸಿಗೂದಿಲ್ಲ, ನೊರಿ ಬಂದು ಹುಳಿ ನಾತ ಹೊಡಿತೈತಿ. ಬೆರಳಾಡಿಸಿದಾಗ ಕಲ್ಲಿನಂಗ ಹತ್ತೋ ಕಾಳಿದ್ರ ಹೆಕ್ಕಿ ಒಗೀರಿ, ಬೇಯೋದಿಲ್ಲ ಅವು, ಹಲ್ಲು ಮುರೀತಾವ.

ಬಸಿದ ಕಾಳು ಚಾಳಣಿಯಾಗ ಹಂಗ ಬಿಡ್ರಿ, ಹನಿ ಬೀಳೋದು ಪೂರಾ ನಿಲ್ಲಬೇಕು. ಆಮ್ಯಾಲ ಅರಿವಿ. ಹಳೇ ಹತ್ತೀದು, ತೊಳದು ತೊಳದು ಮೆತ್ತಗಾದದ್ದು. ಪಾಲಿಯೆಸ್ಟರ್ ನೀರು ಹೀರೂದಿಲ್ಲ, ಹೊಸಾ ಅರಿವ್ಯಾಗ ಗಂಜಿ ಇರ್ತೈತಿ. ವಾಸನಿ ಪುಡಿ ಹಾಕಿ ತೊಳದ್ರ ಉಸಳಿಗೂ ಅದ ವಾಸನಿ. ಅರಿವಿ ತೋಯಿಸಿ, ಇನ್ನೊಂದು ಹನಿ ಬರದಂಗ ಹಿಂಡಿ, ಕಾಳು ಸುರದು ಗಂಟು ಕಟ್ರಿ. ಕಾಳಿಗೂ ಗಂಟಿಗೂ ನಡುವ ಎರಡು ಬೆರಳು ಜಾಗ ಇರಲಿ, ಮೊಳಕಿಗೆ ಬೇಕು. ಗಂಟು ಚಾಳಣಿಯಾಗ, ಚಾಳಣಿ ಕೆಳಗ ಗಂಗಾಳ, ಮ್ಯಾಲ ಪಾತೇಲಿ ಬೋರಲು. ಡಬ್ಬಿಗೆ ಹಾಕಿ ಗಟ್ಟಿ ಮುಚ್ಚಿದ್ರ ಒಳಗ ಬೆವರು ಕೂತು ಲೋಳಿ ಆಗ್ತೈತಿ. ಹಿಂದಕ ಇದಕ್ಕ ಒಲಿ ಹತ್ತಿರದ ಬೆಚ್ಚನ ಮೂಲಿ ಇರ್ತಿತ್ತು. ಈಗ ಕಪಾಟಿನ ಮ್ಯಾಲಿನ ಅರಿ ಸಾಕು, ಕಿಟಕಿ ಗಾಳಿ ತಾಗಬಾರದು.

ಬ್ಯಾಸಗ್ಯಾಗ ಒಂದು ರಾತ್ರಿ ಸಾಕು. ಜುಲೈದಾಗ ಧಾರವಾಡದ ಜಿಟಿಜಿಟಿ ಮಳಿ ಹಿಡದಾಗ ಇನ್ನೂ ಒಂದು ದಿನ ಬೇಕು, ನಡುವ ಗಂಟು ಮಗ್ಗಲ ಬದಲಿಸ್ರಿ, ಅರಿವಿ ಒಣಗಿದ್ರ ಮಾತ್ರ ನೀರು ಚಿಮುಕಿಸ್ರಿ. ಮೊಳಕಿ ಕಾಳಿನಷ್ಟ ಉದ್ದ ಆದ್ರ ಮುಗೀತು. ಹಸಿ ಸೇಂಗಾದಂಥ ವಾಸನಿ ಇರಬೇಕು. ಜಾರೂಹಂಗ ಆಗಿದ್ರ ಬಾಯಿಗೆ ಇಡಬ್ಯಾಡ್ರಿ. ಚಲೋ ಮೊಳಕಿನೂ ಹಸೀದು ತಿನ್ನಬ್ಯಾಡ್ರಿ, ಆ ಒದ್ದಿ ಬೆಚ್ಚಗಿನ್ಯಾಗ ರೋಗಾಣುನೂ ಬೆಳೀತಾವ. ಸಾಸಿವಿ, ಬಳ್ಳೊಳ್ಳಿ ಒಗ್ಗರಣಿಗೆ ಉಳ್ಳಾಗಡ್ಡಿ, ಚೂರು ಬ್ಯಾಡಗಿ ಖಾರ, ಉಪ್ಪು, ಕಾಳು, ಮ್ಯಾಲ ನೀರು ಕೈಲೆ ಚಿಮುಕಿಸಿ ಗಟ್ಟಿ ಮುಚ್ಚಿ, ಸಣ್ಣ ಉರಿ. ಬಾಳ ನೀರು ಸುರುವಿದ್ರ ಮುದ್ದಿ ಆಗ್ತೈತಿ. ಕುಕ್ಕರ್ ಬ್ಯಾಡ, ಹತ್ತು ನಿಮಿಷದೊಳಗ ಬೇಯ್ತೈತಿ, ಗ್ಯಾಸೂ ಉಳೀತೈತಿ. ಇಳಿಸಿ ಗುರೆಳ್ಳು ಪುಡಿ ಉದುರಿಸ್ರಿ.

ಪಲ್ಯ ಸಂಜಿಕ ತರ್ರಿ, ಅವತ್ತ ಮಾಡ್ರಿ. ಫ್ರಿಜ್ ಇಲ್ಲದ ರೂಮಿಗೆ ಮೂರು ಸಿವುಡು ಯಾಕ? ಪುಂಡಿಪಲ್ಯ, ಕಿರಕಸಾಲಿ, ಹೊಲದಾಗ ಏನು ಬಂದಿರ್ತೈತೋ ಅದು. ಮಾಂಸ ಉಣ್ಣೋರು ಮಟನ್ ಕಡಿಮಿ ಮಾಡಿ ತತ್ತಿ, ಕೋಳಿ ಉಣ್ರಿ. ಕುರಿ, ಆಡು ಮೆಲಕು ಹಾಕಿ ತೇಗಿದಾಗ ಬರೋದೂ ಅದ ಮೀಥೇನ್.

ಖಾನಾವಳಿಗೆ ಹೋದ್ರ ಸ್ಟೀಲ್ ಡಬ್ಬಿ ಒಯ್ರಿ. ಬಡಿಸೋ ಮುಂದನ "ಅಕ್ಕಾ, ಅನ್ನ ಅರ್ಧ ಹಾಕ್ರಿ" ಅನ್ರಿ. ಗಂಗಾಳಕ್ಕ ಬಿದ್ದ ಮ್ಯಾಲ "ಸಾಕಿತ್ತು" ಅಂದ್ರ ಏನು ಬಂತು?