ಕೇಳಿ ಕೇಳಿ ಸಮಾಧಾನ ಪಡೆಯುವುದನ್ನು ಬಿಟ್ಟಿದ್ದು: ಓಸಿಡಿಯೊಂದಿಗೆ ನನ್ನ ಅನುಭವ

ನನಗಿರುವುದು ಓಸಿಡಿ, ಅಂದರೆ ಗೀಳು ಕಾಯಿಲೆ. ನನ್ನದು ಕೈ ತೊಳೆಯುವ ಥರದ್ದಲ್ಲ. ನನ್ನಿಂದ ಯಾರಿಗೋ ಅನಾಹುತ ಆಗುತ್ತದೆ ಎಂಬ ಭಯ. ಒಲೆ ಆರಿಸಿದೆನಾ, ಬೀಗ ಸರಿಯಾಗಿ ಬಿತ್ತಾ, ಗಾಡಿ ಓಡಿಸುವಾಗ ಯಾರಿಗಾದರೂ ತಗುಲಿತಾ? ಹೋಗಿ ನೋಡಿ ಬರುತ್ತಿದ್ದೆ. ಬಂದ ಮೇಲೂ ತಂಗಿಯನ್ನು ಕೇಳುತ್ತಿದ್ದೆ. "ಆರಿಸಿದೀಯ ಅಕ್ಕ" ಎಂದು ಅವಳು ಹೇಳಿದರೆ ಎದೆ ಹಗುರಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಅನುಮಾನ.

ಇಂಥ ಯೋಚನೆಗಳು ನನಗೊಬ್ಬಳಿಗೇ ಬರುತ್ತವೆ ಎಂಬ ನಾಚಿಕೆ ತುಂಬಾ ಇತ್ತು. ಥೆರಪಿಯಲ್ಲಿ ಅದು ಮೊದಲು ಹೋಯಿತು. 1978ರಲ್ಲೇ ರಾಕ್‌ಮನ್ ಮತ್ತು ಡಿ ಸಿಲ್ವಾ ಎಂಬ ಸಂಶೋಧಕರು ಯಾವ ಕಾಯಿಲೆಯೂ ಇಲ್ಲದವರನ್ನು ಕೇಳಿ ನೋಡಿದ್ದರು. ಅವರಲ್ಲೂ ಹೆಚ್ಚಿನವರಿಗೆ ಬೇಡದ, ಭಯಂಕರ ಯೋಚನೆಗಳು ಬರುತ್ತಿದ್ದವು. ಅವರು ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಹೋಗುತ್ತಾರೆ. ನಾನು ಉತ್ತರ ಹುಡುಕಲು ಕೂರುತ್ತಿದ್ದೆ. ಹುಡುಕಿದಷ್ಟೂ "ಇದು ನಿಜವಾದ ಅಪಾಯವೇ ಇರಬೇಕು" ಎಂದು ಮಿದುಳು ಕಲಿಯುತ್ತದೆ.

ನಾನು ಮಾಡಿದ ಚಿಕಿತ್ಸೆಯ ಹೆಸರು ಇಆರ್‌ಪಿ: ಎಕ್ಸ್‌ಪೋಶರ್ ಆ್ಯಂಡ್ ರೆಸ್ಪಾನ್ಸ್ ಪ್ರಿವೆನ್ಷನ್. ಭಯ ಹುಟ್ಟಿಸುವ ಕೆಲಸವನ್ನು ಬೇಕೆಂದೇ ಮಾಡಬೇಕು, ಆಮೇಲೆ ಅದನ್ನು ಸರಿಪಡಿಸಲು ಹೋಗಬಾರದು. ಭಯಗಳಿಗೆಲ್ಲ 0ರಿಂದ 100ರವರೆಗೆ ಅಂಕ ಕೊಟ್ಟು ಪಟ್ಟಿ ಮಾಡಿದೆವು. ಕಡಿಮೆ ಅಂಕದ್ದರಿಂದ ಶುರು. ಒಮ್ಮೆ ಬೀಗ ಹಾಕಿ, ಎಳೆದು ನೋಡದೆ ಹೊರಡುವುದು. ಅದು ಹಿಡಿತಕ್ಕೆ ಬಂದ ಮೇಲೆ ಒಲೆ. ಕೊನೆಗೆ, ಗಾಡಿ ಓಡಿಸಿಕೊಂಡು ಹೋಗಿ, ಬಂದ ದಾರಿಯಲ್ಲಿ ವಾಪಸ್ ಹೋಗಿ ನೋಡದೆ ಮನೆ ಸೇರುವುದು. ಆ ಹೊತ್ತಿನ ಗಾಬರಿ ಸಣ್ಣದಲ್ಲ. ಬೆವರು ಬರುತ್ತದೆ, ಅಳು ಬರುತ್ತದೆ. ಆದರೆ ಏನೂ ಮಾಡದೆ ಇದ್ದರೂ ಅದು ನಿಧಾನಕ್ಕೆ ಇಳಿಯುತ್ತದೆ. ಇಳಿಯದ ದಿನವೂ ಅದನ್ನು ಹೊತ್ತುಕೊಂಡೇ ಕೆಲಸ ಮಾಡಬಹುದು ಎಂದು ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಈ ಎರಡನೆಯದೇ ದೊಡ್ಡ ಲಾಭ.

ಎಲ್ಲಕ್ಕಿಂತ ಕಷ್ಟವಾಗಿದ್ದು ಯಾರಿಗೂ ಕಾಣದ ಪರೀಕ್ಷೆ. ಕೈಕಾಲು ಸುಮ್ನೆ ಇರುತ್ತವೆ, ತಲೆಯೊಳಗೆ ಮಾತ್ರ ದಾರಿಯನ್ನೆಲ್ಲ ಮತ್ತೆ ಮತ್ತೆ ಓಡಿಸಿ ನೋಡುತ್ತಿರುತ್ತೇವೆ. ಅದೂ ಕಂಪಲ್ಷನ್ನೇ, ಅಂದರೆ ಭಯ ಇಳಿಸಿಕೊಳ್ಳಲು ಗೀಳು ಮತ್ತೆ ಮತ್ತೆ ಮಾಡಿಸುವ ಕೆಲಸ. ಅದು ಶುರುವಾದಾಗ ನಾನು "ಆಗಿರಬಹುದು, ಆಗದೇನೂ ಇರಬಹುದು" ಎಂದು ಹೇಳಿಕೊಂಡು ಕೈಯಲ್ಲಿದ್ದ ಕೆಲಸಕ್ಕೆ ಮರಳುತ್ತಿದ್ದೆ. "ಏನೂ ಆಗಿಲ್ಲ ಬಿಡು" ಎಂದು ಹೇಳಿಕೊಂಡರೆ ಅದು ಮತ್ತೆ ಸಮಾಧಾನ ಹುಡುಕಿದಂತೆಯೇ ಅಲ್ವಾ?

ತಂಗಿಯನ್ನೂ ಒಂದು ದಿನ ಥೆರಪಿಗೆ ಕರೆದುಕೊಂಡು ಹೋದೆ. ಅವಳು ಪ್ರೀತಿಯಿಂದ ಕೊಡುತ್ತಿದ್ದ ಉತ್ತರವೇ ಗೀಳಿಗೆ ಬಲ ಕೊಡುತ್ತಿದೆ ಎಂದು ಕೇಳಿ ಅವಳಿಗೆ ನೋವಾಯಿತು. ಮೂವರೂ ಕೂತು ಅವಳು ಏನು ಹೇಳಬೇಕು ಎಂದು ಮೊದಲೇ ಮಾತಾಡಿಕೊಂಡೆವು. "ಅಕ್ಕ, ಇದು ಓಸಿಡಿ ಕೇಳ್ತಿರೋ ಪ್ರಶ್ನೆ. ಉತ್ತರ ಕೊಡಲ್ಲ, ಪಕ್ಕದಲ್ಲೇ ಇರ್ತೀನಿ." ಇದನ್ನು ಮನೆಯವರು ಒಮ್ಮೆಲೇ, ಹೇಳದೆ ಕೇಳದೆ ಶುರು ಮಾಡಬಾರದು. ಕಾಯಿಲೆ ಇರುವವರ ಒಪ್ಪಿಗೆ ಬೇಕು, ನಿಧಾನಕ್ಕೆ ಕಡಿಮೆ ಮಾಡುತ್ತಾ ಬರಬೇಕು.

ಜೊತೆಗೆ ಮನೋವೈದ್ಯರು ಬರೆದುಕೊಟ್ಟ ಸರ್ಟ್ರಾಲಿನ್ ತೆಗೆದುಕೊಂಡೆ. ಇದು ಖಿನ್ನತೆಗೂ ಕೊಡುವ ಎಸ್‌ಎಸ್‌ಆರ್‌ಐ ಎಂಬ ಗುಂಪಿನ ಔಷಧಿ. ಫ್ಲೂಆಕ್ಸೆಟಿನ್, ಫ್ಲೂವಾಕ್ಸಮಿನ್ ಕೂಡ ಇದೇ ಗುಂಪಿನವು. ಓಸಿಡಿಗೆ ಖಿನ್ನತೆಗಿಂತ ಜಾಸ್ತಿ ಡೋಸ್ ಬೇಕಾಗುವುದುಂಟು. ಗುಣ ಕಾಣಲು 8ರಿಂದ 12 ವಾರ ಹಿಡಿಯಬಹುದು, ಹಾಗಾಗಿ ಎರಡು ವಾರಕ್ಕೇ ಕೈಬಿಡಬೇಡಿ. ವೈದ್ಯರನ್ನು ಕೇಳದೆ ದಿಢೀರ್ ಅಂತ ನಿಲ್ಲಿಸಲೂಬೇಡಿ.

ಓಸಿಡಿ ಇರುವವರ ಗುಂಪಿಗೂ ಸೇರಿದೆ. ಅಲ್ಲಿ ನನ್ನ ಯೋಚನೆಯನ್ನು ಬಾಯಿಬಿಟ್ಟು ಹೇಳಿದಾಗ ಯಾರೂ ಬೆಚ್ಚಿಬೀಳಲಿಲ್ಲ. ಅದು ನನಗೆ ಎಷ್ಟು ಬೇಕಾಗಿತ್ತೋ! ಆದರೆ "ಹಾಗೇನೂ ಆಗಲ್ಲ ಅಲ್ವಾ?" ಎಂದು ಒಬ್ಬರನ್ನೊಬ್ಬರು ಕೇಳುವ ಜಾಗ ಆಗಿಬಿಟ್ಟರೆ ಗುಂಪೂ ಗೀಳಿನ ಕೈಗೆ ಸಿಗುತ್ತದೆ.

ಥೆರಪಿಸ್ಟ್ ಹುಡುಕುತ್ತಿದ್ದರೆ ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿ: ನೀವು ಇಆರ್‌ಪಿ ಮಾಡಿಸುತ್ತೀರಾ, ಮನೆಯಲ್ಲಿ ಮಾಡಲು ಅಭ್ಯಾಸ ಕೊಡುತ್ತೀರಾ? ಬರೀ ಮಾತಾಡಿಸಿ ಧೈರ್ಯ ಹೇಳುವುದು ಓಸಿಡಿಗೆ ಸಾಲದು. ಬದುಕೇ ಬೇಡ ಅನ್ನಿಸುತ್ತಿದ್ದರೆ ಮಾತ್ರ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಆವತ್ತೇ ಹತ್ತಿರದವರಿಗೆ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗಿ.