ಬೇವಿನ ತೋಪು ಉಳಿಸಿಕೊಂಡು 48 ಮನೆ ಕಟ್ಟಿದ್ದು: ನನ್ನ ಅನುಭವ

ಬಳ್ಳಾರಿಯಲ್ಲಿ ಮರಗಳಿರುವ ಜಾಗವೊಂದು ಮಾರಾಟಕ್ಕೆ ಬಂದರೆ ಅದರ ಗತಿ ಏನಾಗುತ್ತದೆ ಎಂಬುದು ಮನೆ ಕಟ್ಟಿ ಮಾರುವ ಈ ವೃತ್ತಿಯಲ್ಲಿರುವವರಿಗೆಲ್ಲ ಗೊತ್ತು. ಮೊದಲು ಜೆಸಿಬಿ ಬರುತ್ತದೆ, ಆಮೇಲೆ ಸುಣ್ಣದ ಗೆರೆ, ಆಮೇಲೆ ಮೂವತ್ತು-ನಲವತ್ತರ ನಿವೇಶನಗಳು. ನಗರದ ಅಂಚಿನಲ್ಲಿದ್ದ ಒಂದೂವರೆ ಎಕರೆಯ, ಅಂದರೆ ನಮ್ಮ ಕಡೆಯ ಲೆಕ್ಕದಲ್ಲಿ 150 ಸೆಂಟ್ಸಿನ, ಹಳೆಯ ಬೇವಿನ ತೋಪೊಂದನ್ನು ಆ ಗತಿಯಿಂದ ತಪ್ಪಿಸಿ, ನಿವೇಶನ ಮಾಡಿದ್ದರೆ ಎಷ್ಟು ಕುಟುಂಬಗಳಿಗೆ ಜಾಗವಾಗುತ್ತಿತ್ತೋ ಅದಕ್ಕಿಂತ ಹೆಚ್ಚು ಕುಟುಂಬಗಳಿಗೆ ಅಲ್ಲಿಯೇ ಮನೆ ಮಾಡಿಕೊಟ್ಟಿದ್ದೇನೆ. ಇದು ಆಗದ ಕೆಲಸ ಎಂದಿದ್ದವರೇ ಈಗ ನಕ್ಷೆ ಕೇಳುತ್ತಿರುವುದರಿಂದ ನಡೆದದ್ದನ್ನು ಬರೆದಿಡುತ್ತಿದ್ದೇನೆ.

ಒಂದೂವರೆ ಎಕರೆ ಎಂದರೆ 65,000 ಚದರಡಿಗಿಂತ ಸ್ವಲ್ಪ ಹೆಚ್ಚು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟ ಮೇಲೆ ಮಾರಲು ಉಳಿಯುವುದು ಸುಮಾರು ಶೇ. 55, ಅದರಲ್ಲಿ 1,200 ಚದರಡಿಯ ಮೂವತ್ತು ನಿವೇಶನಗಳಾಗುತ್ತವೆ, ಮರ ಒಂದೂ ಉಳಿಯುವುದಿಲ್ಲ, ಏಕೆಂದರೆ ಮನೆಯ ಸುತ್ತ ಖಾಲಿ ಬಿಡುವ ಮೂರಡಿ ಸೆಟ್‌ಬ್ಯಾಕಿನಲ್ಲಿ ದೊಡ್ಡ ಬೇವು ನಿಲ್ಲಲಾರದು. ಅದೇ ನೆಲದ ಕಾಲು ಭಾಗದಲ್ಲಿ ಮಾತ್ರ ಕಟ್ಟಡ ಕೂರಿಸಿ, ಸ್ಟಿಲ್ಟ್ (ಕಂಬಗಳಷ್ಟೇ ಇರುವ ತೆರೆದ ನೆಲಮಟ್ಟ) ಮೇಲೆ ನಾಲ್ಕು ಮಹಡಿ ಎತ್ತಿ, ಮಹಡಿಗೆ 12ರಂತೆ 48 ಮನೆ ಮಾಡಿದರೆ ಎಫ್‌ಎಆರ್ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ಜಾಗದ ಎಷ್ಟು ಪಟ್ಟು ಎಂಬ ಲೆಕ್ಕ) ಒಂದರ ಆಸುಪಾಸಿನಲ್ಲೇ ನಿಲ್ಲುತ್ತದೆ. ದಾರಿ, ಸಂಪು, ಟ್ರಾನ್ಸ್‌ಫಾರ್ಮರ್‌ಗಳಿಗೆ ಇನ್ನೊಂದು ಕಾಲು ಭಾಗ ಹೋದರೂ ಅರ್ಧ ಜಾಗ ತೋಪಾಗಿಯೇ ಇರುತ್ತದೆ.

ಭೂಮಾಲೀಕರು ನಾಲ್ವರು ಅಣ್ಣತಮ್ಮಂದಿರು. ನಿವೇಶನವಾದರೆ ಪಾಲು ಹಂಚಿಕೊಳ್ಳುವುದು ಸುಲಭ ಎಂಬುದು ಅವರ ವಾದ, ಅದರಲ್ಲಿ ತಪ್ಪೇನೂ ಇರಲಿಲ್ಲ. ನೆಲ ಅವರದು, ಕಟ್ಟುವುದು ನಾನು ಎಂಬ ಜಂಟಿ ಅಭಿವೃದ್ಧಿ ಒಪ್ಪಂದದಲ್ಲಿ ಅವರ ಪಾಲನ್ನು ಶೇ. 40ಕ್ಕೆ ಏರಿಸಿ, ತೋಪಿನ ಕಡೆ ಮುಖ ಮಾಡಿದ ಮನೆಗಳಲ್ಲಿ ಮೊದಲ ಆಯ್ಕೆ ಕೊಟ್ಟ ಮೇಲೆ ಒಪ್ಪಿದರು. ಬ್ಯಾಂಕನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಮೊದಲು ಹೋದ ಬ್ಯಾಂಕಿನವರು ತೋಪಿನ ಜಾಗವನ್ನು ಬಳಕೆಯಾಗದ ನೆಲವೆಂದು ಪರಿಗಣಿಸಿ ಸಾಲದ ಮೊತ್ತವನ್ನು ಮೂರನೇ ಒಂದು ಭಾಗ ಕಡಿತ ಮಾಡಿದರು. ಎರಡನೆಯ ಕಡೆ ಅರ್ಧ ಶೇಕಡಾ ಹೆಚ್ಚಿನ ಬಡ್ಡಿಗೆ ಸಾಲ ಸಿಕ್ಕಿತು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ನಿಯಮದಂತೆ ಖರೀದಿದಾರರ ಹಣದಲ್ಲಿ ಶೇ. 70 ಪ್ರತ್ಯೇಕ ಖಾತೆಯಲ್ಲಿ ಇರಬೇಕಾದ್ದರಿಂದ, ಮೊದಲ ವರ್ಷ ಕೈಯಲ್ಲಿ ಹಣ ಓಡಾಡಲಿಲ್ಲ. ಈ ದಾರಿ ಹಿಡಿಯುವವರು ಕನಿಷ್ಠ 60 ಲಕ್ಷ ರೂಪಾಯಿಯನ್ನು ಸ್ವಂತದ್ದೆಂದು ಇಟ್ಟುಕೊಂಡೇ ಇಳಿಯಬೇಕು.

ನಿಜವಾದ ಪರೀಕ್ಷೆ ನಡೆದದ್ದು ತಳಪಾಯದಲ್ಲಿ. ಜಾಗ ಎರೆ ಮಣ್ಣಿನದು. ಬೇಸಿಗೆಯಲ್ಲಿ ಬೇವು ನೀರೆಳೆದಾಗ ಮಣ್ಣು ಕುಗ್ಗುತ್ತದೆ, ಮಳೆಗೆ ಉಬ್ಬುತ್ತದೆ, ಹೀಗಾಗಿ ಮರದ ಹತ್ತಿರದ ಕಟ್ಟಡದಲ್ಲಿ ಬಿರುಕು ಬಿಡುವುದು ಖಚಿತ ಎಂದು ಹಿರಿಯ ಎಂಜಿನಿಯರರು ಎಚ್ಚರಿಸಿದ್ದರು. ಮೊದಲ ವಿನ್ಯಾಸದಲ್ಲಿದ್ದ ಅಗಲ ಫುಟಿಂಗುಗಳನ್ನು ಕೈಬಿಟ್ಟು ಅಂಡರ್‌ರೀಮ್ಡ್ ಪೈಲ್‌ಗಳಿಗೆ, ಅಂದರೆ ಆಳಕ್ಕೆ ಕೊರೆದು ಬುಡ ಅಗಲಿಸಿದ ಕಾಂಕ್ರೀಟ್ ಕಂಬಗಳಿಗೆ, ಹೋದೆವು. ಪೈಲ್ ಕೊರೆಯುವ ಮೊದಲು ಪ್ರತಿಯೊಂದು ಬಿಂದುವಿನಲ್ಲೂ ಆಳುಗಳಿಂದ ಕೈಯಲ್ಲೇ ಗುಂಡಿ ತೆಗೆಸಿ, ತೋಳು ಗಾತ್ರದ ಬೇರು ಕಂಡಲ್ಲಿ ಪೈಲನ್ನು ಎರಡು-ಮೂರು ಅಡಿ ಸರಿಸಿದೆವು. ಪೈಲ್‌ಗಳನ್ನು ನೆಲಮಟ್ಟದಲ್ಲಿ ಜೋಡಿಸುವ ಪ್ಲಿಂತ್ ಬೀಮುಗಳ ಕೆಳಗೆ ಮೂರು ಇಂಚು ಖಾಲಿ ಬಿಟ್ಟೆವು. ಬೀಮು ಬೇರಿನ ಮೇಲೆ ಸೇತುವೆಯಂತೆ ದಾಟುತ್ತದೆ, ಮಣ್ಣು ಉಬ್ಬಿದರೂ ತಾಗುವುದಿಲ್ಲ. ಇದಕ್ಕೆ ಹೆಚ್ಚುವರಿಯಾಗಿ 14-15 ಲಕ್ಷ ಬಿತ್ತು. ಮೂರು ಮಳೆಗಾಲ ಕಳೆದಿವೆ, ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕೂ ಇಲ್ಲ ಎಂದು ಹೆಮ್ಮೆಯಿಂದಲೇ ಹೇಳುತ್ತೇನೆ.

ದಾರಿಗೆ ಅಡ್ಡ ಬಂದ ಎರಡು ಹುಣಸೆ ಮರಗಳನ್ನು ಕ್ರೇನ್ ತರಿಸಿ ಬೇರೆಡೆ ನೆಡುವ ಪ್ರಯತ್ನ ಪೂರ್ತಿ ವಿಫಲವಾಯಿತು. ಸುಮಾರು ಎರಡು ಲಕ್ಷ ಖರ್ಚಾಗಿ, ಒಂದು ಚಿಗುರಲೇ ಇಲ್ಲ, ಇನ್ನೊಂದು ಮುಂದಿನ ಏಪ್ರಿಲ್ ಬಿಸಿಲಿಗೆ ಒಣಗಿತು. ಎರೆ ಮಣ್ಣಿನಲ್ಲಿ ಬೇರಿನ ಗಡ್ಡೆ ಕಟ್ಟಿಕೊಂಡು ಬರುವುದಿಲ್ಲ, ಎತ್ತುವಾಗಲೇ ಒಡೆಯುತ್ತದೆ; ಆ ಹಣದಲ್ಲಿ ದಾರಿಯನ್ನೇ ಮರದ ಪಕ್ಕಕ್ಕೆ ತಿರುಗಿಸುವುದು ಮೇಲು. ಉಳಿದಂತೆ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಪಡೆದು ಏಳೆಂಟು ಮರಗಳನ್ನು ತೆಗೆಯಬೇಕಾಯಿತು, ಅದು ಈಗಲೂ ನೋವಿನ ವಿಷಯ. ಬಳ್ಳಾರಿ ಜಾಲಿಯನ್ನು ಮಾತ್ರ ಬುಡಸಮೇತ ಕೀಳಿಸಿದೆ. ಮೂವತ್ತರಷ್ಟು ಬೇವು, ನಾಲ್ಕು ಹುಣಸೆ, ಒಂದಿಷ್ಟು ಹೊಂಗೆ ಉಳಿದವು.

ಕಟ್ಟಡ ಎದ್ದ ವರ್ಷವೇ ಬೇವುಗಳ ತುದಿಗಳು ಕಂದಾಗಿ ಒಣಗತೊಡಗಿದವು. ಕಾಂಕ್ರೀಟಿನ ಪ್ರಭಾವ ಎಂದು ಊರೆಲ್ಲ ಮಾತಾಯಿತು, ಇಬ್ಬರು ಮುಂಗಡ ವಾಪಸು ಕೇಳಿದರು. ಅದು ಫೋಮಾಪ್ಸಿಸ್ ಎಂಬ ಶಿಲೀಂಧ್ರದಿಂದ ಬರುವ ತುದಿ ಒಣಗುವ ರೋಗ. ರಸ್ತೆ ಬದಿಯ ಬೇವುಗಳಿಗೂ ಬಂದಿತ್ತು. ಒಣಗಿದ ರೆಂಬೆಗಳನ್ನು ಸವರಿಸಿ ಸುಡಿಸಿದೆ. ಬುಡಕ್ಕೆ ಏನು, ಯಾವ ತಿಂಗಳಲ್ಲಿ ಕೊಟ್ಟೆ ಎಂಬುದು ನನ್ನ ಹತ್ತಿರವೇ ಇರಲಿ. ಬೇಸಿಗೆಗೆ ಮುಂಚೆ ಎಲ್ಲವೂ ಹೊಸ ಚಿಗುರು ಬಿಟ್ಟವು. ಕಾಮಗಾರಿಯ ಉದ್ದಕ್ಕೂ ಕೊಂಬೆ ಹರಡಿದಷ್ಟು ಅಗಲಕ್ಕೆ ತಗಡಿನ ಬೇಲಿ ಹಾಕಿಸಿ, ಮಿಕ್ಸರ್ ತೊಳೆದ ನೀರು ಮತ್ತು ಗರಸು ಒಳಗೆ ಬೀಳದಂತೆ ಕಾವಲಿಟ್ಟದ್ದೂ ಅಷ್ಟೇ ಮುಖ್ಯ.

ಕೆಲವು ಪ್ರಯೋಗಗಳನ್ನೂ ಮಾಡಿದೆ. ಸಾಲು ಮರಗಳ ನಡುವೆ ಹುಲ್ಲುಹಾಸು ಬೆಳೆಸಿ ನೋಡಿದರೆ ಅದು ಕುಡಿದ ನೀರಿಗೆ ಟ್ಯಾಂಕರ್ ತರಿಸಬೇಕಾಯಿತು, ತೆಗೆಸಿ ಒಣ ಎಲೆಯ ಹೊದಿಕೆ ಹಾಕಿಸಿದೆ. ಬಚ್ಚಲ ನೀರನ್ನು ಜಲ್ಲಿ ಮತ್ತು ಕ್ಯಾನಾ ಗಿಡಗಳ ತೊಟ್ಟಿಯಲ್ಲಿ ಸೋಸಿ ಮರಗಳಿಗೆ ಬಿಟ್ಟದ್ದು ಫಲ ಕೊಟ್ಟಿದೆ. ಮೇ ತಿಂಗಳ ಮಧ್ಯಾಹ್ನ ಸಾಧಾರಣ ತಾಪಮಾಪಕ ಹಿಡಿದು ನೋಡಿದಾಗ ತೋಪಿನೊಳಗೆ, ಪಕ್ಕದ ಬಡಾವಣೆಯ ರಸ್ತೆಗಿಂತ ನಾಲ್ಕು ಡಿಗ್ರಿಯಷ್ಟು ಕಡಿಮೆ ಇತ್ತು.

ಬಳ್ಳಾರಿಯ ಜನರಿಗೆ ಸ್ವಂತ ನೆಲವೇ ಬೇಕು, ಫ್ಲ್ಯಾಟ್ ಕೊಳ್ಳುವುದಿಲ್ಲ ಎಂಬುದು ಎಲ್ಲರ ಅನುಮಾನವಾಗಿತ್ತು. ಚದರಡಿಗೆ 3,600 ರೂಪಾಯಿ ಇಟ್ಟಿದ್ದೆ. ತೋಪಿನ ಕಡೆಯ ಮನೆಗಳು ಚದರಡಿಗೆ 150 ರೂಪಾಯಿ ಹೆಚ್ಚಿನ ಬೆಲೆಗೆ ಮೊದಲು ಹೋದವು, ರಸ್ತೆ ಕಡೆಯವು ಒಂದೂವರೆ ವರ್ಷ ಹಿಡಿದವು. ಸಾಲ, ಬಡ್ಡಿ ಕಳೆದು ಕೈಗೆ ಬಂದ ಲಾಭ ನಿವೇಶನದ ಲೆಕ್ಕಕ್ಕಿಂತ ಶೇ. 20ರಷ್ಟು ಹೆಚ್ಚು, ಕಾದದ್ದು ಮಾತ್ರ ಎರಡು ಪಟ್ಟು.

ಮರ ಉಳಿದರೆ ಸಾಲದು, ಮುಂದೆ ಯಾರೂ ಆ ನೆಲಕ್ಕೆ ಕೈ ಹಾಕದಂತೆ ಕಾಗದ ಗಟ್ಟಿಯಾಗಿರಬೇಕು. ಉದ್ಯಾನಕ್ಕೆ ಬಿಡಲೇಬೇಕಾದ ಭಾಗವನ್ನು ಚರಂಡಿ ಪಕ್ಕದ ಮೂಲೆಗೆ ತಳ್ಳುವುದು ನಮ್ಮವರ ರೂಢಿ. ನಾನು ಅದನ್ನು ತೋಪಿನ ನಟ್ಟನಡುವೆಯೇ ತೋರಿಸಿದೆ. ಸುತ್ತಲಿನ ಉಳಿದ ತೋಪನ್ನು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿಯ ಘೋಷಣಾ ಪತ್ರದಲ್ಲಿ ವಿಭಜಿಸಲಾಗದ ಸಾಮಾನ್ಯ ಪ್ರದೇಶವೆಂದು, ಮರಗಳ ನಕ್ಷೆಯ ಸಹಿತ ಸೇರಿಸಿದೆ. ಈಗ ಅಲ್ಲಿ ನೆಲ ಮುಟ್ಟಬೇಕೆಂದರೆ 48 ಮನೆಯವರೂ ಒಪ್ಪಬೇಕು.